ಅರಳು ಮರಳೆಂದು ಸುಮ್ಮನಿರಬೇಡಿ

ನರೇಗಲ್ಲಿನಂಥ ಊರಿನ ಮನೆಯನ್ನೇ ನೋಡಿ. ಅಜ್ಜನಿಗೆ 1972ರ ಬರಗಾಲ ಚೆನ್ನಾಗಿ ನೆನಪಿದೆ; ಮುಂಜಾನೆ ರೊಟ್ಟಿ ತಿಂದದ್ದು ನೆನಪಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂದು ನೀವು ನಕ್ಕು ಸುಮ್ಮನಾಗುತ್ತೀರಿ. ಆದರೆ ಇದು 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ವಿವರಿಸಿದ ಮಿದುಳಿನ ಕಾಯಿಲೆಯ ಆರಂಭವಿರಬಹುದು.

ಮೊದಲು ಅಳಿಯುವುದು ಹೊಸ ನೆನಪು. ಮುಂದೆ ಹಣದ ಲೆಕ್ಕ ತಪ್ಪುತ್ತದೆ, ಪೇಟೆಗೆ ಹೋದವರಿಗೆ ಮನೆಯ ದಾರಿ ತಿಳಿಯದು. ವರ್ಷಗಳು ಕಳೆದಂತೆ ಮಕ್ಕಳ ಗುರುತೂ ಸಿಗದು. ಕೊನೆಗೆ ತುತ್ತು ನುಂಗುವುದೂ ಕಷ್ಟ.

ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ; ಅವಕ್ಕೆ ಚಿಕಿತ್ಸೆಯಿದೆ. ಆದ್ದರಿಂದ ತಡಮಾಡದೆ ಗದಗಿನ ಜಿಲ್ಲಾ ಆಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸ್‌ಗೋ ಕರೆದೊಯ್ಯಿರಿ.

ಕೇಳಿದ್ದನ್ನೇ ಕೇಳಿದರೆ ಗದರಬೇಡಿ. ಅಜ್ಜ ಬೇಕೆಂದೇ ಮರೆತಿಲ್ಲ.