ಅರಿಶಿನದ ವಾಯಿದೆ ವ್ಯಾಪಾರ: ರೈತರು ತಿಳಿದಿರಬೇಕಾದ ಅಂಶಗಳು

ಅರಿಶಿನವು ಎಂಟೊಂಬತ್ತು ತಿಂಗಳ ಬೆಳೆ. ನಾಟಿಯ ಕಾಲದಲ್ಲಿದ್ದ ಧಾರಣೆ ಕೊಯ್ಲಿನವರೆಗೆ ಉಳಿಯುವುದೆಂಬ ಭರವಸೆಯಿಲ್ಲ. ಹೊಸ ಸರಕು ಒಮ್ಮೆಲೇ ಮಾರುಕಟ್ಟೆಗೆ ಬಂದಾಗ ಬೆಲೆ ಕುಸಿಯುವುದು ಸಾಮಾನ್ಯ. ಈ ಅಪಾಯವನ್ನು ತಗ್ಗಿಸಿಕೊಳ್ಳುವ ಒಂದು ವಿಧಾನವೇ ವಾಯಿದೆ ವ್ಯಾಪಾರ.

ಕರಾರಿನ ಸ್ವರೂಪ

ಗೊತ್ತಾದ ದರ್ಜೆಯ ಸರಕನ್ನು ಮುಂದಿನ ಒಂದು ಗೊತ್ತಾದ ತಿಂಗಳಿನಲ್ಲಿ, ಇಂದೇ ಒಪ್ಪಿದ ಬೆಲೆಗೆ ಕೊಡುವ ಅಥವಾ ಕೊಳ್ಳುವ ಕರಾರಿಗೆ ವಾಯಿದೆ ಎನ್ನುತ್ತಾರೆ. ಅರಿಶಿನದ ವಾಯಿದೆಯು 2003ರಲ್ಲಿ ವಹಿವಾಟು ಆರಂಭಿಸಿದ ಎನ್‌ಸಿಡಿಇಎಕ್ಸ್ ವಿನಿಮಯ ಕೇಂದ್ರದಲ್ಲಿ ನಡೆಯುತ್ತದೆ. ಒಂದು ಕರಾರಿನ ಪ್ರಮಾಣ 5 ಟನ್, ಅಂದರೆ 50 ಕ್ವಿಂಟಾಲ್. ಬೆಲೆಗೆ ತೆಲಂಗಾಣದ ನಿಜಾಮಾಬಾದ್ ಆಧಾರ ಕೇಂದ್ರ. 2015ರಿಂದ ಇಂತಹ ವಹಿವಾಟಿನ ಮೇಲ್ವಿಚಾರಣೆ ಸೆಬಿಯದು.

ರಕ್ಷಣೆ ದೊರೆಯುವ ಬಗೆ

ಉದಾಹರಣೆಗೆ, ರೈತನೊಬ್ಬನು ಬೆಳೆ ಹೊಲದಲ್ಲಿರುವಾಗಲೇ 50 ಕ್ವಿಂಟಾಲನ್ನು ಕ್ವಿಂಟಾಲಿಗೆ 12,000 ರೂಪಾಯಿಯಂತೆ ವಾಯಿದೆಯಲ್ಲಿ ಮಾರಿದನೆನ್ನೋಣ. ಕೊಯ್ಲಿನ ವೇಳೆಗೆ ಪೇಟೆಯಲ್ಲೂ ವಾಯಿದೆಯಲ್ಲೂ ಬೆಲೆ 10,000ಕ್ಕೆ ಇಳಿಯಿತು. ಆತ ಸರಕನ್ನು ಹತ್ತಿರದ ಪೇಟೆಯಲ್ಲಿಯೇ ಮಾರಿ, ವಾಯಿದೆಯನ್ನು 10,000ಕ್ಕೆ ಮರಳಿ ಕೊಂಡು ಮುಗಿಸುತ್ತಾನೆ. ಪೇಟೆಯಲ್ಲಿ ಕಡಿಮೆಯಾದ 2,000 ರೂಪಾಯಿ ವಾಯಿದೆಯಲ್ಲಿ ದೊರೆಯುತ್ತದೆ. ಬೆಲೆ 15,000ಕ್ಕೆ ಏರಿದ್ದರೆ ಪೇಟೆಯಲ್ಲಿ ಬಂದ ಹೆಚ್ಚಿನ 3,000 ರೂಪಾಯಿ ವಾಯಿದೆಯಲ್ಲಿ ಹೋಗುತ್ತದೆ. ಖರ್ಚು ಬಿಟ್ಟು, ಎರಡೂ ಸಂದರ್ಭಗಳಲ್ಲಿ ಕೈಗೆ ಬರುವುದು 12,000ವೇ. ಹೆಚ್ಚಿನ ಲಾಭ ಇದರ ಉದ್ದೇಶವಲ್ಲ. ಬೆಲೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದೇ ಉದ್ದೇಶ.

ಎಚ್ಚರಿಕೆ ಅಗತ್ಯ

ಕರಾರಿಗೆ ಮೊದಲು ಮಾರ್ಜಿನ್ ಎಂಬ ಠೇವಣಿ ಇಡಬೇಕು. ಲಾಭ ನಷ್ಟಗಳ ಲೆಕ್ಕವು ಕೊಯ್ಲಿನವರೆಗೆ ಕಾಯದೆ ದಿನದಿನವೂ ತೀರುತ್ತದೆ. ಮೇಲಿನ ಉದಾಹರಣೆಯಲ್ಲಿ ಬೆಲೆ 15,000ಕ್ಕೆ ಏರಿದರೆ, ಅರಿಶಿನ ಇನ್ನೂ ನೆಲದಲ್ಲಿರುವಾಗಲೇ 1,50,000 ರೂಪಾಯಿ ನಗದು ಕಟ್ಟಬೇಕಾಗುತ್ತದೆ. ಕಟ್ಟಲಾಗದಿದ್ದರೆ ದಲ್ಲಾಳಿಯು ಕರಾರನ್ನು ಅಲ್ಲಿಗೇ ಮುಗಿಸಬಹುದು. ಆಮೇಲೆ ಬೆಲೆ ಕುಸಿದರೆ ವಾಯಿದೆಯ ನಷ್ಟದೊಂದಿಗೆ ಪೇಟೆಯ ನಷ್ಟವೂ ಸೇರುತ್ತದೆ. ಬೆಲೆ ಬೀಳುವುದೆಂದು ಸರಿಯಾಗಿಯೇ ಊಹಿಸಿದ ರೈತನೂ ನಡುವೆ ಹಣ ಸಾಲದೆ ಕೆಡಬಹುದು.

ಆದ್ದರಿಂದ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು.

1. ಬೆಳೆಯುವ ಪ್ರಮಾಣಕ್ಕಿಂತ ಹೆಚ್ಚು ಮಾರಬಾರದು. ಇಳುವರಿ ಕಡಿಮೆಯಾಗಬಹುದಾದ್ದರಿಂದ ನಿರೀಕ್ಷಿತ ಬೆಳೆಯ ಒಂದು ಭಾಗವನ್ನಷ್ಟೇ ಮಾರುವುದು ಲೇಸು.

2. ಬೆಳೆಗಾರನು ವಾಯಿದೆ ಕೊಂಡರೆ ರಕ್ಷಣೆ ದೊರೆಯದು. ಬೆಲೆ ಬಿದ್ದಾಗ ನಷ್ಟ ಇಮ್ಮಡಿಯಾಗುತ್ತದೆ.

3. ಚಾಮರಾಜನಗರದ ಧಾರಣೆಯೂ ನಿಜಾಮಾಬಾದಿನ ಧಾರಣೆಯೂ ಒಂದೇ ಸಮನೆ ಏರಿಳಿಯುವುದಿಲ್ಲ. ಈ ಅಂತರದಷ್ಟು ಅಪಾಯ ಉಳಿದೇ ಉಳಿಯುತ್ತದೆ.

4. ವಾಯಿದೆಗೆ ತಡೆಯೂ ಬರಬಹುದು. 2021ರ ಡಿಸೆಂಬರ್‌ನಲ್ಲಿ ಸೆಬಿಯು ಕಡಲೆ, ಹೆಸರು, ಗೋಧಿ, ಸೋಯಾ ಮೊದಲಾದ ಏಳು ಸರಕುಗಳ ವಾಯಿದೆಯನ್ನು ನಿಲ್ಲಿಸಿತು.

50 ಕ್ವಿಂಟಾಲ್ ಬೆಳೆಯದ ಸಣ್ಣ ರೈತರು ಒಂಟಿಯಾಗಿ ಇದಕ್ಕೆ ಕೈಹಾಕಬಾರದು. ರೈತ ಉತ್ಪಾದಕ ಕಂಪನಿಯ ಮೂಲಕ ಸರಕನ್ನು ಒಟ್ಟುಗೂಡಿಸಿ, ಏರಿಕೆಯ ದಿನಗಳಿಗೆ ಬೇಕಾದ ನಗದನ್ನು ಮೊದಲೇ ತೆಗೆದಿರಿಸಿ ತೊಡಗುವುದು ಕ್ಷೇಮಕರ. ಅಷ್ಟು ನಗದು ಹೊಂದಿಸಲಾಗದವರು ವಾಯಿದೆಯಿಂದ ದೂರವಿರುವುದೇ ಒಳಿತು.