ದಂಡಿನ ಕ್ಯಾಪ್ಟನ್ ಬಿಡಿಸಿದ ಮೋಡಗಳು

ಮದ್ರಾಸಿನ ಕಡೆಯಿಂದ ಬರುವ ರೈಲು ಕೃಷ್ಣರಾಜಪುರ ದಾಟಿ, ಬೈಯಪ್ಪನಹಳ್ಳಿಯ ಮೇಲೆ ಹಾದು ಬೆಂಗಳೂರು ದಂಡಿನ (ಕಂಟೋನ್ಮೆಂಟ್) ನಿಲ್ದಾಣ ಸೇರುತ್ತದೆ. ಈ ಹಳಿ ದಂಡನ್ನು ಮುಟ್ಟಿದ್ದು 1864ರಲ್ಲಿ. ಅದಕ್ಕೂ ಹತ್ತು ವರ್ಷ ಹಿಂದೆ, ಊರು ಬಿಡಬೇಕಾದರೆ ಕುದುರೆ ಇಲ್ಲವೆ ಎತ್ತಿನ ಗಾಡಿಯೇ ಗತಿಯಾಗಿದ್ದ ಕಾಲದಲ್ಲಿ, ದಂಡಿನ ಒಬ್ಬ ಸೇನಾಧಿಕಾರಿ ಮರದ ದೊಡ್ಡ ಕ್ಯಾಮೆರಾ, ಮೇಣ ಉಣಿಸಿದ ಕಾಗದ, ಬೆಳ್ಳಿಯ ದ್ರಾವಣಗಳೊಂದಿಗೆ ಹಳೇಬೀಡಿಗೆ ಹೊರಟರು. ಅವರ ಹೆಸರು ಲಿನೇಯಸ್ ಟ್ರೈಪ್. ಡಿಜಿಟಲ್ ಬಂದ ಮೇಲೆ ಛಾಯಾಚಿತ್ರದ ಪ್ರಾಮಾಣಿಕತೆ ಹಾಳಾಯಿತು ಎಂದು ಕೊರಗುವವರು ಈ ಬೆಂಗಳೂರು ಕ್ಯಾಪ್ಟನ್ನನ ನೆಗೆಟಿವ್‌ಗಳನ್ನು ಒಮ್ಮೆ ನೋಡಬೇಕು. ಅವುಗಳಲ್ಲಿ ಎಷ್ಟೋ ಕಡೆ ಆಕಾಶದ ಮೋಡಗಳು ಕುಂಚದಲ್ಲಿ ಬಿಡಿಸಿದವು.

ಟ್ರೈಪ್ ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ. ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯ ಸೇರಿದರು. ರಜೆಯ ಮೇಲೆ ಊರಿಗೆ ಹೋದಾಗ ಕೈಗೆ ಹತ್ತಿದ ಹವ್ಯಾಸ ಛಾಯಾಗ್ರಹಣ. 1854ರಲ್ಲಿ ಬೆಂಗಳೂರಿಗೆ ಮರಳಿದವರು ಆ ಡಿಸೆಂಬರಿನಲ್ಲೇ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದರು. ಮರುವರ್ಷದ ಮದ್ರಾಸ್ ಪ್ರದರ್ಶನದಲ್ಲಿ ಅವರ 68 ಚಿತ್ರಗಳು ತೀರ್ಪುಗಾರರ ಮೆಚ್ಚುಗೆ ಗಳಿಸಿದವು. ಆಮೇಲೆ ಬರ್ಮಾ ದೊರೆಯ ಬಳಿಗೆ ಹೊರಟ ಬ್ರಿಟಿಷ್ ನಿಯೋಗದ ಜೊತೆಗೆ ಪ್ರಯಾಣ, ಅಲ್ಲಿಂದ ತಂದ ಇನ್ನೂರಕ್ಕೂ ಹೆಚ್ಚು ನೆಗೆಟಿವ್‌ಗಳು. 1856ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ತನ್ನ ಅಧಿಕೃತ ಛಾಯಾಗ್ರಾಹಕರನ್ನಾಗಿ ನೇಮಿಸಿತು. ಕಾರ್ಯಾಗಾರ ತೆರೆದದ್ದು ಮಾತ್ರ ಬೆಂಗಳೂರಿನಲ್ಲಿ.

ಅವರ ಕೆಲಸದ ರೀತಿ ಸ್ವಲ್ಪ ವಿವರವಾಗಿಯೇ ಹೇಳಬೇಕಾದದ್ದು. ತೆಳುವಾದ, ಒಳ್ಳೆಯ ಕಾಗದವನ್ನು ಕರಗಿದ ಜೇನುಮೇಣದಲ್ಲಿ ಅದ್ದಿ, ಹೀರುಕಾಗದಗಳ ನಡುವೆ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿ ಹೆಚ್ಚಿನ ಮೇಣ ತೆಗೆಯಬೇಕು. ನಂತರ ಅಯೊಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸಬೇಕು. ಬಳಸುವ ಮೊದಲು ಮಂದ ಬೆಳಕಿನಲ್ಲಿ ಸಿಲ್ವರ್ ನೈಟ್ರೇಟ್ ಉಣಿಸಬೇಕು. ಹೀಗೆ ಸಿದ್ಧವಾದ ಹಾಳೆ ಕೆಲವು ದಿನ ಕೆಡದೆ ಇರುತ್ತದೆ. ಗಾಡಿಯಲ್ಲಿ ವಾರಗಟ್ಟಲೆ ಸುತ್ತುವವರಿಗೆ ಈ ವಿಧಾನ ಹಿಡಿಸಿದ್ದು ಅದಕ್ಕೇ. ಒಂದು ನೋಟಕ್ಕೆ ಲೆನ್ಸ್ ನಿಮಿಷಗಟ್ಟಲೆ ತೆರೆದಿರಬೇಕು. ನಡೆದಾಡುವ ಜನ ಕಾಗದದ ಮೇಲೆ ಉಳಿಯುವುದಿಲ್ಲ, ಗಾಳಿಗೆ ಆಡುವ ಎಲೆ ಮಸುಕಾಗುತ್ತದೆ. ಟ್ರೈಪ್ ಚಿತ್ರಗಳಲ್ಲಿ ಬೀದಿಗಳು, ಕೊಳಗಳು, ಮಂಟಪಗಳು ಅಷ್ಟು ನಿರ್ಜನವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ರಾತ್ರಿ ಬಿಡಾರದಲ್ಲಿ ಗ್ಯಾಲಿಕ್ ಆಮ್ಲದಲ್ಲಿ ತೊಳೆದಾಗ ಗಂಟೆಗಳ ಮೇಲೆ ನೋಟ ಮೆಲ್ಲಗೆ ಮೂಡುತ್ತದೆ.

ಪ್ರಿಂಟು ಮಾಡುವುದು ಬಿಸಿಲಿನಲ್ಲಿ. ನೆಗೆಟಿವ್‌ನ್ನು ಬೆಳ್ಳಿ ಹಚ್ಚಿದ ಕಾಗದಕ್ಕೆ ಒತ್ತಿ ಹಿಡಿದು ಸೂರ್ಯನಿಗೆ ತೋರಿಸಬೇಕು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಆದ್ದರಿಂದಲೇ ಒಂದಡಿಗೂ ಮೀರಿದ ಉದ್ದದ ಹಾಳೆಗಳು, ಅವುಗಳನ್ನು ಹಿಡಿಸುವಂಥ ಭಾರದ ಕ್ಯಾಮೆರಾ. ಬರ್ಮಾದ ಚಿತ್ರಗಳನ್ನು 120ರಂತೆ 50 ಸಂಪುಟಗಳಾಗಿ ಅಣಿಗೊಳಿಸಿದರು. ಅಂದರೆ ಸುಮಾರು ಆರು ಸಾವಿರ ಪ್ರಿಂಟು, ಒಂದೊಂದೂ ಬೇರೆಯಾಗಿ, ಬಿಸಿಲು ನೋಡಿಕೊಂಡು. ಬೆಂಗಳೂರಿನ ತಂಪು ಹವೆಯನ್ನು ಹೊಗಳಿದ ಇಂಗ್ಲಿಷರು ಬಹಳ ಮಂದಿ. ಮೇಣ ಮತ್ತು ರಸಾಯನಗಳ ಜೊತೆ ದಿನವೂ ಗುದ್ದಾಡುತ್ತಿದ್ದ ಈ ಮನುಷ್ಯನಿಗೆ ಆ ತಂಪು ಕಸುಬಿನ ಅಗತ್ಯವೇ ಆಗಿತ್ತು.

ಇನ್ನು ಮೋಡದ ವಿಷಯ. ಆ ಕಾಲದ ಬೆಳ್ಳಿಯ ಲೇಪಕ್ಕೆ ನೀಲಿ ಬೆಳಕು ಬಹಳ ಬೇಗ ತಾಗುತ್ತಿತ್ತು, ಹಸಿರು ತಾಗುತ್ತಲೇ ಇರಲಿಲ್ಲ. ಹಾಗಾಗಿ ಆಕಾಶ ಪೂರಾ ಬಿಳಿಚಿಕೊಳ್ಳುತ್ತಿತ್ತು, ಮರಗಳು ಕಪ್ಪು ಮುದ್ದೆಯಾಗುತ್ತಿದ್ದವು. ಕಣ್ಣು ಕಂಡದ್ದು ಇದಲ್ಲ ಎಂಬುದು ಕ್ಯಾಮೆರಾದ ಹಿಂದೆ ನಿಂತವರಿಗೆ ಗೊತ್ತು. ಟ್ರೈಪ್ ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಬಾನಿಗೆ ಮೋಡಗಳನ್ನು ಕೊಟ್ಟರು, ಮರಗಳಿಗೆ ಎಲೆಗಳ ಬೆಳಕನ್ನು ಮರಳಿಸಿದರು. ಅದೇ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸುತ್ತಿದ್ದರು. ಮೇಣದ ಕಾಗದದ ವಿಧಾನ ಕಂಡುಹಿಡಿದವರೂ ಅವರೇ. ಇಂದು ಕಂಪ್ಯೂಟರಿನಲ್ಲಿ ಎರಡು ಎಕ್ಸ್‌ಪೋಷರ್ ಬೆಸೆಯುವವರು ಮಾಡುವುದು ಅದನ್ನೇ. ಅಮೆರಿಕದ ಆನ್ಸೆಲ್ ಆ್ಯಡಮ್ಸ್ 1941ರಲ್ಲಿ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುವುದನ್ನು ಸೆರೆಹಿಡಿದರು. ಮುಂದಿನ ವರ್ಷಗಳಲ್ಲಿ ಅದರ ಪ್ರಿಂಟುಗಳಲ್ಲಿ ಆಕಾಶವನ್ನು ಹೆಚ್ಚು ಹೆಚ್ಚು ಕಪ್ಪಾಗಿಸುತ್ತ ಹೋದರು. ನೆಗೆಟಿವ್ ಸಂಗೀತದ ಸ್ವರಲಿಪಿಯಂತೆ, ಪ್ರಿಂಟು ಕಛೇರಿಯಂತೆ ಎಂಬುದು ಅವರ ನಿಲುವು. ಎಲೆಕ್ಟ್ರಾನಿಕ್ ಚಿತ್ರವನ್ನು ಅವರು ಕುತೂಹಲದಿಂದ ಎದುರು ನೋಡಿದ್ದರು ಕೂಡ.

ಹಾಗಾದರೆ ಏನು ಬೇಕಾದರೂ ತಿದ್ದಬಹುದೆ? ಇದಕ್ಕೂ ಟ್ರೈಪ್ ಅವರ ಕೆಲಸದಲ್ಲೇ ಒಂದು ಅಳತೆಗೋಲು ಸಿಗುತ್ತದೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಬುಡದ ಸುತ್ತ ಇರುವ ಶಾಸನವನ್ನು ಅವರು 21 ಚಿತ್ರಗಳಲ್ಲಿ ಹಿಡಿದು, ಜೋಡಿಸಿ, ಸುಮಾರು 19 ಅಡಿ ಉದ್ದದ ಪಟ್ಟಿ ಮಾಡಿದರು. ಅದರಲ್ಲಿ ಒಂದಕ್ಷರ ಕುಂಚದಿಂದ ಸೇರಿದ್ದರೂ ಆ ಶ್ರಮವೆಲ್ಲ ವ್ಯರ್ಥ. ಅವರೇ ತೆಗೆದ ಮದುರೆಯ ಆನೆಬಂಡೆಯ ಚಿತ್ರದ ಆಕಾಶಕ್ಕೆ ಆ ಕಟ್ಟುನಿಟ್ಟು ಬೇಡ. ನೋಡುವವರಿಗೆ ಚಿತ್ರ ಏನು ಮಾತು ಕೊಡುತ್ತಿದೆ ಎಂಬುದರ ಮೇಲೆ ತಿದ್ದುಪಡಿಯ ಗೆರೆ ಎಳೆಯಬೇಕು. ಒತ್ತುವರಿಯಾದ ಕೆರೆಯ ಚಿತ್ರದಲ್ಲಿ ನೀರಿಗೆ ನೀಲಿ ತುಂಬಿದರೆ ಅದು ಸುಳ್ಳು. ಅದೇ ಕೆರೆಯ ಸಂಜೆಯ ಚಿತ್ರದಲ್ಲಿ ನೆರಳಿನ ಭಾಗಕ್ಕೆ ಕಣ್ಣು ಕಂಡಷ್ಟು ಬೆಳಕು ತಂದರೆ ಅದು ಕಸುಬು.

ನನ್ನನ್ನು ಚಿಂತೆಗೆ ಹಚ್ಚುವುದು ಬೇರೆ ಸಂಗತಿ. ಟ್ರೈಪ್ ಮೋಡ ಬಿಡಿಸಿದಾಗ ಅದು ಅವರ ತೀರ್ಮಾನ, ಅವರ ಕೈ. ಇಂದಿನ ಫೋನು ಗುಂಡಿ ಒತ್ತಿದ ಕ್ಷಣದಲ್ಲೇ ಹಲವು ಚೌಕಟ್ಟು ತೆಗೆದು, ಆಕಾಶ ಯಾವುದು, ಮುಖ ಯಾವುದು ಎಂದು ತಾನೇ ಗುರುತಿಸಿ, ತಾನೇ ತಿದ್ದಿ ಕೈಗಿಡುತ್ತದೆ. 2023ರಲ್ಲಿ ಒಂದು ಕಂಪನಿಯ ಫೋನು, ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರಕ್ಕೂ ಇಲ್ಲದ ವಿವರಗಳನ್ನು ತುಂಬುತ್ತದೆ ಎಂದು ತೋರಿಬಂದು ಲೋಕದಾದ್ಯಂತ ಚರ್ಚೆಯಾಯಿತು. ಅಲ್ಲಿ ಕಂಡದ್ದನ್ನು ಮರಳಿ ತರಲು ಹೆಣಗಿದವರು ಯಾರೂ ಇಲ್ಲ, ಏಕೆಂದರೆ ಕಂಡವರೇ ಇಲ್ಲ. ಭೂದೃಶ್ಯ ತೆಗೆಯುವವರು ತಿದ್ದದ ಮೂಲ ಕಡತವನ್ನು, ಅಂದರೆ ರಾ ಫೈಲನ್ನು, ಉಳಿಸಿಕೊಂಡು ತಾವೇ ಕೂತು ಸಂಸ್ಕರಿಸಬೇಕು ಎನ್ನುವುದು ಇದಕ್ಕಾಗಿ.

ಡಿಜಿಟಲ್ ಕೊಟ್ಟ ದೊಡ್ಡ ವರವನ್ನು ಮಾತ್ರ ಮರೆಯಲಾಗದು: ಖರ್ಚಿನ ಭಯದಿಂದ ಬಿಡುಗಡೆ. 1859ರಲ್ಲಿ ಮದ್ರಾಸಿಗೆ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್, ಸರ್ಕಾರಕ್ಕೆ ಇದೊಂದು ದುಬಾರಿ ವಿಲಾಸ ಎಂದು ಟ್ರೈಪ್ ಅವರ ಕೆಲಸವನ್ನೇ ನಿಲ್ಲಿಸಿಬಿಟ್ಟರು. ಮರುವರ್ಷ ಕಾರ್ಯಾಗಾರ ಮುಚ್ಚಿತು. ಟ್ರೈಪ್ 1902ರವರೆಗೆ ಬದುಕಿದ್ದರೂ ಆ ಮಟ್ಟದ ಕೆಲಸ ಮತ್ತೆ ಅವರಿಂದ ಆಗಲಿಲ್ಲ. ಉಳಿದ ಒಂದು ಸಮಾಧಾನವೆಂದರೆ, ಅವರ ಬಳಿ ಕೆಲಸ ಕಲಿತ ಅಯ್ಯಾಸ್ವಾಮಿ ಎಂಬುವರು ಮುಂದೆ ಮದ್ರಾಸಿನ ಕಲಾಶಾಲೆಯಲ್ಲಿ ಛಾಯಾಗ್ರಹಣ ಕಲಿಸಿದರು. ಖರ್ಚಿನ ಆ ಕಾಟ ನೂರಿಪ್ಪತ್ತು ವರ್ಷದ ನಂತರವೂ ತಪ್ಪಿರಲಿಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಕಪ್ಪು-ಬಿಳುಪು ಫಿಲ್ಮ್ ಒಂದು ರೋಲಿಗೆ 36 ಚಿತ್ರ. ಎಣಿಸಿ ಎಣಿಸಿ ಕ್ಲಿಕ್ ಮಾಡಿದವರಿಗೆ ಅದರ ಕಷ್ಟ ಗೊತ್ತು. ಇಂದು ಹಲಸೂರಿನ ಕಾಲೇಜು ಹುಡುಗಿಯೊಬ್ಬಳು ಖರ್ಚಿನ ಭಯವಿಲ್ಲದೆ ಒಂದೇ ಮರವನ್ನು ವರ್ಷವಿಡೀ ತೆಗೆಯಬಲ್ಲಳು. ಇದು ಸಣ್ಣ ಮಾತಲ್ಲ.

ಬೆಂಗಳೂರಿಗೆ ಛಾಯಾಗ್ರಹಣದ ಗಟ್ಟಿ ಪರಂಪರೆಯಿದೆ. ಭಾರತದ ಛಾಯಾಗ್ರಹಣದ ಇತಿಹಾಸ ಬರೆದ ಡಾ. ಜಿ. ಥಾಮಸ್ ಇಲ್ಲಿಯವರು. ಯೂತ್ ಫೋಟೊಗ್ರಫಿಕ್ ಸೊಸೈಟಿ 1971ರಿಂದ ಹೊಸಬರನ್ನು ತಿದ್ದುತ್ತ ಬಂದಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರಿಂದ ವನ್ಯಜೀವಿ ಛಾಯಾಗ್ರಹಣಕ್ಕೆ ಈ ನಗರ ಹೆಸರಾಯಿತು. ಆದರೆ ನೆಲದ ಚಿತ್ರಕ್ಕೆ ನಮ್ಮವರು ಈಗಲೂ ಲಡಾಖಿಗೆ ಓಡುತ್ತಾರೆ. ಬೈಯಪ್ಪನಹಳ್ಳಿಯಲ್ಲಿ ಭೂದೃಶ್ಯವಿದೆ ಎಂದು ಎಷ್ಟು ಜನ ನಂಬುತ್ತಾರೆ?

ಇದೆ. 1965ರಲ್ಲಿ ಶುರುವಾಗಿ 2002ರಲ್ಲಿ ಬಾಗಿಲು ಹಾಕಿದ ಎನ್‌ಜಿಇಎಫ್ ಕಾರ್ಖಾನೆಯ ಆವರಣದಲ್ಲಿ ಯಂತ್ರದ ಸದ್ದು ನಿಂತ ಮೇಲೆ ಮರಗಳು ತಮ್ಮ ಪಾಡಿಗೆ ಬೆಳೆದಿವೆ. ಅದರ ಪಕ್ಕದಿಂದಲೇ 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊದ ಮೊದಲ ರೈಲು ಎಂ.ಜಿ. ರಸ್ತೆಗೆ ಹೊರಟಿತು. 2022ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ತೆರೆಯಿತು, 2023ರ ಅಕ್ಟೋಬರಿನಲ್ಲಿ ಮೆಟ್ರೊ ಹಳಿ ಕೆ.ಆರ್. ಪುರಕ್ಕೆ ಕೂಡಿಕೊಂಡಿತು. ಬೆಳಕೂ ಇಲ್ಲಿ ತನ್ನದೇ ರೀತಿಯದು. ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ನೆಟ್ಟಗೆ ಮೇಲೇರುತ್ತಾನೆ, ಹೊಂಬೆಳಕು ಬೇಗ ಮುಗಿಯುತ್ತದೆ. ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ನಡುಮಧ್ಯಾಹ್ನ ಕಂಬಗಳಿಗೆ ನೆರಳೇ ಬೀಳದು. ಅಕ್ಟೋಬರಿನ ಮಳೆ ಗಾಳಿಯ ಧೂಳು ತೊಳೆದ ಮರುದಿನ ಬೆಳಿಗ್ಗೆ ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ದೂರದ ಅಂಚುಗಳೂ ತೀಡಿದಂತೆ ಕಾಣುತ್ತವೆ.

ಇಲ್ಲಿಗೆ ಒಪ್ಪುವ ಮಾದರಿ ಹಂಪಿಯಲ್ಲಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಇದೇ ಮೇಣದ ಕಾಗದದಲ್ಲಿ ಹಂಪಿಯ ಚಿತ್ರ ತೆಗೆದರು. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಅವರು ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ಕ್ಯಾಮೆರಾ ಹೂಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತು, ಈಗಿಲ್ಲ ಎಂಬುದು ಕಣ್ಣಿಗೆ ರಾಚುತ್ತದೆ. ಯಾವ ಬರಹವೂ ಅಷ್ಟು ಬೇಗ ಅದನ್ನು ಮುಟ್ಟಿಸಲಾರದು. ಬೈಯಪ್ಪನಹಳ್ಳಿಯ ಬದಲಾವಣೆ ಹಂಪಿಯದಕ್ಕಿಂತ ಎಷ್ಟೋ ವೇಗದ್ದು. ಇಲ್ಲಿ ಮರುಚಿತ್ರಕ್ಕೆ ಶತಮಾನ ಕಾಯಬೇಕಿಲ್ಲ, ಐದು ವರ್ಷ ಸಾಕು.

ಉಳಿದಿರುವುದು ಕಾಪಾಡುವ ಪ್ರಶ್ನೆ. ಟ್ರೈಪ್ ಅವರ ಮೇಣದ ಕಾಗದಗಳು ನೂರ ಅರವತ್ತು ವರ್ಷ ಕಳೆದರೂ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಬಾಳಿವೆ. ಹತ್ತು ವರ್ಷದ ಹಿಂದಿನ ಹಾರ್ಡ್ ಡಿಸ್ಕ್ ತೆರೆಯುತ್ತದೆಂಬ ಭರವಸೆ ನಮಗೆ ಯಾರಿಗಿದೆ? ಹೀಗಾಗಿ ಬೈಯಪ್ಪನಹಳ್ಳಿಯ ಕಾಲುಸೇತುವೆಯ ಮೇಲಾಗಲಿ, ಹಳಿಯ ಪಕ್ಕದ ಬೀದಿಯಲ್ಲಾಗಲಿ ಕ್ಯಾಮೆರಾ ಹಿಡಿದು ನಿಲ್ಲುವವರಲ್ಲಿ ನನ್ನದೊಂದು ಕೋರಿಕೆ. ವರ್ಷಕ್ಕೆ ಒಂದು ಚಿತ್ರವನ್ನಾದರೂ ಒಳ್ಳೆಯ ಹತ್ತಿಕಾಗದದ ಮೇಲೆ ಪ್ರಿಂಟು ಹಾಕಿಸಿ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ತಾರೀಕು, ವೇಳೆ, ನಿಂತ ಜಾಗ, ಬಳಸಿದ ಲೆನ್ಸ್ ಬರೆಯಿರಿ. ಕಂಪ್ಯೂಟರಿನಲ್ಲಿ ಏನೇನು ತಿದ್ದಿದಿರಿ ಎಂಬುದನ್ನೂ ಬರೆಯಿರಿ.