ದುಡ್ಡು ಹಾಳಾಗದ ಹಾಗೆ ಸೀಗಡಿ ಹುರಿಯೋಣ

ಸೀಗಡಿ ಅಂದ್ರೆ ತುಂಬಾ ಜನಕ್ಕೆ ಇಷ್ಟ. ಆದರೆ ಬೆಲೆ ಜಾಸ್ತಿ. ಭಾನುವಾರವೋ, ನೆಂಟರು ಬಂದಾಗಲೋ ತರುತ್ತೇವೆ. ಅಷ್ಟು ದುಡ್ಡು ಕೊಟ್ಟು ತಂದದ್ದು ರಬ್ಬರಿನಂತೆ ಆದರೆ ಹೊಟ್ಟೆ ಉರಿಯುತ್ತದೆ. ಹಳಸಿದ್ದನ್ನು ತಿಂದರೆ ಹೊಟ್ಟೆಯೇ ಕೆಡುತ್ತದೆ. ಎರಡೂ ಆಗದ ಹಾಗೆ ಏನು ಮಾಡಬೇಕು? ಬನ್ನಿ, ತಿಳಿಯೋಣ.

ಎಲ್ಲಿಂದ ಬರುತ್ತದೆ?

ನಮ್ಮ ವಿಜಯನಗರ, ರಾಜಾಜಿನಗರ, ಕೆಂಗೇರಿಗೆ ಸಮುದ್ರ ದೂರ. ಮಂಗಳೂರಿಗೆ ಸುಮಾರು 350 ಕಿಲೋಮೀಟರು. ಅಲ್ಲಿನ ತುಳು ಜನ ಸೀಗಡಿಗೆ ಎಟ್ಟಿ ಅಂತಾರೆ. ಕೊಂಕಣಿಯವರು ಸುಂಗಟ ಅಂತಾರೆ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಆಗಲೂ ಅಂಗಡಿಯಲ್ಲಿ ಸೀಗಡಿ ಸಿಗುತ್ತದೆ. ಯಾಕೆ ಗೊತ್ತೇ? ಆಂಧ್ರಪ್ರದೇಶದಲ್ಲಿ ಹೊಂಡ ತೋಡಿ ಸೀಗಡಿ ಸಾಕುತ್ತಾರೆ. ದೇಶದಲ್ಲೇ ಅತಿ ಹೆಚ್ಚು ಸೀಗಡಿ ಸಾಕುವುದು ಅಲ್ಲಿ.

ಎಲ್ಲಿಂದ ಬಂದರೂ ಸೀಗಡಿ ಐಸಿನಲ್ಲೇ ಬರಬೇಕು. ಐಸು ಕರಗಿದರೆ ಅದು ಬೇಗ ಕೆಡುತ್ತದೆ.

ಕೊಳ್ಳುವಾಗ

ಮುಟ್ಟಿ ನೋಡಿ. ಮೈ ಗಟ್ಟಿಯಾಗಿರಬೇಕು. ಸಿಪ್ಪೆ ಹೊಳೆಯಬೇಕು. ತಲೆ ಕಳಚಿಕೊಂಡು ಬೀಳಬಾರದು. ಮೂಸಿ ನೋಡಿ. ಸಮುದ್ರದ ವಾಸನೆ ಇದ್ದರೆ ಸರಿ. ಮೂತ್ರದಂಥ ಘಾಟು ಇದ್ದರೆ ಬೇಡ. ಪ್ಯಾಕೆಟ್ ಆದರೆ ಅದರ ಮೇಲಿನ ತಾರೀಕು ಓದಿ.

ತೂಕವನ್ನೂ ನೋಡಿ. ಅಂಗಡಿಯವರು ತಲೆ, ಸಿಪ್ಪೆ ಸಮೇತ ತೂಗುತ್ತಾರೆ. ಒಂದು ಕಿಲೋ ಸೀಗಡಿ ಸುಲಿದರೆ ಸುಮಾರು ಅರ್ಧ ಕಿಲೋ ಉಳಿಯುತ್ತದೆ. ಕಿಲೋಗೆ 400 ರೂಪಾಯಿ ಅಂದುಕೊಳ್ಳಿ. ಆಗ ತಿನ್ನುವ ಭಾಗಕ್ಕೆ ಕಿಲೋಗೆ 800 ರೂಪಾಯಿ ಬಿತ್ತು! ಸುಲಿದದ್ದು, ಸುಲಿಯದ್ದು ಎರಡೂ ಇದ್ದರೆ ಹೀಗೆ ಲೆಕ್ಕ ಹಾಕಿ ಕೊಳ್ಳಿ.

ಹದ ಮಾಡುವುದು

ತಲೆ, ಸಿಪ್ಪೆ ತೆಗೆಯಿರಿ. ಬೆನ್ನನ್ನು ಸೀಳಿದರೆ ಕಪ್ಪು ಎಳೆ ಕಾಣುತ್ತದೆ. ಅದು ಸೀಗಡಿಯ ಕರುಳು. ಎಳೆದು ಬಿಸಾಡಿ. ತಣ್ಣೀರಲ್ಲಿ ತೊಳೆದು, ಬಟ್ಟೆಯಿಂದ ನೀರು ಒತ್ತಿ ತೆಗೆಯಿರಿ. ನೀರು ಉಳಿದರೆ ಸೀಗಡಿ ಹುರಿಯುವುದಿಲ್ಲ, ಬೇಯುತ್ತದೆ. ಅದೇ ಚಾಕುವನ್ನು ಸೋಪು ಹಾಕಿ ತೊಳೆಯದೆ ಸೌತೆಕಾಯಿ ಹೆಚ್ಚಬೇಡಿ.

ಸುಲಿದ ಕಾಲು ಕಿಲೋ ಸೀಗಡಿಗೆ ಇಷ್ಟು ಬೇಕು:

ಅಚ್ಚ ಖಾರದ ಪುಡಿ – 1 ಟೀ ಚಮಚ
ಶುಂಠಿ ಬೆಳ್ಳುಳ್ಳಿ ಅರೆದದ್ದು – 1 ಟೀ ಚಮಚ
ಉಪ್ಪು – ಅರ್ಧ ಟೀ ಚಮಚ
ಮೆಣಸಿನ ಪುಡಿ – ಅರ್ಧ ಟೀ ಚಮಚ
ಅರಿಶಿನ – ಕಾಲು ಟೀ ಚಮಚ
ಎಣ್ಣೆ – 1 ದೊಡ್ಡ ಚಮಚ

ಎಲ್ಲ ಕಲೆಸಿ ಹತ್ತು ನಿಮಿಷ ಬಿಡಿ. ನಿಂಬೆ ರಸ ಈಗಲೇ ಬೇಡ. ಹುಳಿಯಲ್ಲಿ ಹೆಚ್ಚು ಹೊತ್ತು ನೆನೆದರೆ ಸೀಗಡಿ ಗಡುಸಾಗುತ್ತದೆ.

ಹುರಿಯುವುದು

ಕೇಕು ಮಾಡುವ ಕರೆಂಟಿನ ಓವನ್ ಈಗ ಕೆಲವು ಮನೆಗಳಲ್ಲಿ ಇದೆ. ಅದರ ತಿರುಗಣೆಯನ್ನು 200ಕ್ಕೆ ಇಡಿ. ಮೊದಲು ಹತ್ತು ನಿಮಿಷ ಖಾಲಿ ಓವನ್ ಕಾಯಲಿ. ತಟ್ಟೆಯಲ್ಲಿ ಸೀಗಡಿಯನ್ನು ಒಂದರ ಮೇಲೊಂದು ಬೀಳದಂತೆ ಹರಡಿ ಒಳಗಿಡಿ. ಗಡಿಯಾರ ನೋಡಿ. ಸಾಧಾರಣ ಗಾತ್ರದ್ದಕ್ಕೆ 6ರಿಂದ 8 ನಿಮಿಷ ಸಾಕು. ಹೊರಗೆ ತೆಗೆದು ನಿಂಬೆ ಹಿಂಡಿ, ಕೊತ್ತಂಬರಿ ಸೊಪ್ಪು ಉದುರಿಸಿ.

ಓವನ್ ಇಲ್ಲವೇ? ಚಿಂತೆ ಬೇಡ. ದೋಸೆ ಕಾವಲಿ ಇದೆಯಲ್ಲ! ಚೆನ್ನಾಗಿ ಕಾಯಿಸಿ, ಒಂದೊಂದು ಮಗ್ಗುಲೂ ಎರಡು ನಿಮಿಷ ಹುರಿಯಿರಿ.

ಬೆಂದದ್ದು ಗೊತ್ತಾಗುವುದು ಹೇಗೆ? ಹಸಿ ಸೀಗಡಿ ಬೂದು ಬಣ್ಣ, ಒಳಗೆ ಗಾಜಿನ ಹಾಗೆ ಇರುತ್ತದೆ. ಬೆಂದಾಗ ಮೈ ಕೆಂಪಗೆ, ಒಳಗೆ ಬೆಳ್ಳಗೆ ಆಗುತ್ತದೆ. ಖಾರದ ಪುಡಿಯಿಂದ ಮೇಲಿನ ಬಣ್ಣ ತಿಳಿಯದಿದ್ದರೆ ಒಂದನ್ನು ಮುರಿದು ನೋಡಿ. ಆಕಾರವನ್ನೂ ನೋಡಿ. ಕುಡುಗೋಲಿನಂತೆ ಬಾಗಿದರೆ ಬೆಂದಿದೆ. ಸೊನ್ನೆಯಂತೆ ಸುತ್ತಿಕೊಂಡರೆ ಹೆಚ್ಚಾಯಿತು. ಇನ್ನೂ ಬೇಯಿಸಿದರೆ ಮೆತ್ತಗಾಗದು, ಇನ್ನಷ್ಟು ಗಟ್ಟಿಯಾಗುತ್ತದೆ.

ನೆನಪಿಡಿ

ಹಸಿ ಸೀಗಡಿಯಾಗಲಿ, ಬೆಂದದ್ದಾಗಲಿ ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬೇಡಿ. ಕೆಟ್ಟದ್ದನ್ನು ಮತ್ತೆ ಕಾಯಿಸಿದರೂ ಅದು ಒಳ್ಳೆಯದಾಗದು.

ಸೀಗಡಿ ಕೆಲವರ ಮೈಗೆ ಒಗ್ಗದು. ತುರಿಕೆ, ದದ್ದು ಏಳಬಹುದು. ಅಂಥವರು ಇನ್ನು ಮುಂದೆ ತಿನ್ನಬಾರದು. ತುಟಿ, ನಾಲಿಗೆ ಊದಿದರೆ ಅಥವಾ ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ಮಕ್ಕಳಿಗೆ ಮೊದಲ ಸಲ ಸ್ವಲ್ಪವೇ ಕೊಟ್ಟು ನೋಡಿ.

ತೂಕ, ತಾರೀಕು, ಗಡಿಯಾರ. ಈ ಮೂರನ್ನೂ ಓದಲು ಈಗ ನಮಗೆ ಬರುತ್ತದೆ. ಇನ್ನು ಮೋಸ ಹೋಗುವುದು ಯಾಕೆ?

ಲೆಕ್ಕ ಮಾಡಿ

ನಿಮ್ಮ ಮನೆಗೆ ಸುಲಿದ ಸೀಗಡಿ ಅರ್ಧ ಕಿಲೋ ಬೇಕು. ತಲೆ, ಸಿಪ್ಪೆ ಇರುವುದನ್ನು ಎಷ್ಟು ಕೊಳ್ಳುತ್ತೀರಿ?